ಬಿಲ್ಕಿಸ್ ಬಾನುವಿನ ಬಾಯಿಪಾಠ

ಕಡಲಾಚೆಯ ಪುಕೆಕೊಹೆ ಎಂಬ ಊರಿನ ಕೆಂಪು ಮಣ್ಣು ಬೂಟಿಗೆ ಅಂಟಿದರೆ ಸುಲಭಕ್ಕೆ ಬಿಡುವುದಿಲ್ಲ. ಈರುಳ್ಳಿ ಆರಿಸಿ ಚೀಲಕ್ಕೆ ತುಂಬುವ ಪ್ಯಾಕ್‌ಹೌಸಿನಿಂದ ಬಂದು, ಆ ಬೂಟನ್ನು ಬಾಗಿಲ ಹೊರಗೆ ಬಿಟ್ಟು, ಕೈಯ ಘಾಟು ಹೋಗಲೆಂದು ನಿಂಬೆಸಿಪ್ಪೆ ಉಜ್ಜಿ ತೊಳೆದು, ಅಡುಗೆಮನೆಯ ಮೇಜಿನ ಮೇಲೆ ಮೆಕ್ಯಾನಿಕ್ಸ್ ಪುಸ್ತಕ ತೆರೆದು ಕೂರುವ ಒಬ್ಬ ಹೆಂಗಸಿನ ಸಂಗತಿ ಹೇಳುತ್ತೇನೆ. ಇದರಲ್ಲಿ ರಾಜನೂ ಇಲ್ಲ, ರಾಣಿಯೂ ಇಲ್ಲ. ರಾಕ್ಷಸನೊಬ್ಬ ಬೇಕೇ ಬೇಕು ಅನ್ನುವವರಿಗೆ ಒಬ್ಬನಿದ್ದಾನೆ. ಅವನ ಹೆಸರು ಅಡ್ವಾನ್ಸ್ಡ್ ಕ್ಲಾಸಿಕಲ್ ಮೆಕ್ಯಾನಿಕ್ಸ್.

ಹೆಂಗಸಿನ ಹೆಸರು ಬಿಲ್ಕಿಸ್ ಬಾನು. ಹುಟ್ಟಿದ್ದು ರಾಣೆಬೆನ್ನೂರು. ವಯಸ್ಸು ನಲವತ್ತೈದರ ಆಸುಪಾಸು. ಧಾರವಾಡದಲ್ಲಿ ಭೌತಶಾಸ್ತ್ರದ ಎಂಎಸ್ಸಿಗೆ ಸೇರಿ ಮೊದಲ ವರ್ಷ ಮುಗಿಸಿದ್ದಳು. ಅಷ್ಟರಲ್ಲಿ ಬ್ಯಾಡಗಿಯ ಹನೀಫ್ ಜೊತೆ ಮದುವೆ ಗೊತ್ತಾಯಿತು, ಮದುವೆಯ ಹಿಂದೆಯೇ ವೀಸಾ ಬಂತು, ಓದು ಅಲ್ಲಿಗೇ ನಿಂತಿತು. ಹನೀಫ್ ಮೊದಲು ಈಸ್ಟ್ ತಮಾಕಿಯ ಗೋದಾಮುಗಳಲ್ಲಿ ದುಡಿದ, ಆಮೇಲೆ ಪುಕೆಕೊಹೆಯಲ್ಲಿ ಒಂದು ಡೈರಿ ಹಾಕಿದ. ಡೈರಿ ಅಂದರೆ ಇಲ್ಲಿ ಎಮ್ಮೆ ಕಟ್ಟುವ ಜಾಗ ಅಲ್ಲ, ಬೀದಿ ಮೂಲೆಯ ಅಂಗಡಿ. ಹಾಲು, ಬ್ರೆಡ್ಡು, ಬಿಸಿ ಪೈ, ಮಕ್ಕಳ ಮಿಠಾಯಿ ಎಲ್ಲ ಅಲ್ಲೇ. ಅದರ ಬಾಗಿಲು ಬೆಳಿಗ್ಗೆ ತೆರೆದರೆ ರಾತ್ರಿ ಊಟದ ಹೊತ್ತಿನವರೆಗೂ ಮುಚ್ಚುತ್ತಿರಲಿಲ್ಲ. ಮಗ ಆತಿಫ್ ಡುನೆಡಿನ್‌ನಲ್ಲಿ ಓದುತ್ತಿದ್ದ. ಫೋನಿನಲ್ಲಿ ಇವಳು ಕನ್ನಡದಲ್ಲಿ ಕೇಳಿದರೆ ಅವನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ, ಉತ್ತರಕ್ಕಿಂತ ಬೇಗ ಫೋನು ಮುಗಿಯುತ್ತಿತ್ತು.

ಬಿಲ್ಕಿಸ್‌ಗೆ ಬೇಕಾಗಿದ್ದುದು ಒಂದೇ: ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವ ಟೀಚರ್ ಆಗಬೇಕು. ಅವಳ ಊರಿನ ಡಿಗ್ರಿಯನ್ನು ಇಲ್ಲಿಯವರು ತೂಗಿ ನೋಡಿ, ಮೇಲಿನ ಹಂತದ ಕೆಲವು ಪೇಪರುಗಳನ್ನು ಇಲ್ಲಿಯೇ ಮುಗಿಸಿ ಬನ್ನಿ ಎಂದಿದ್ದರು. ವರ್ಷಕ್ಕಿಷ್ಟು ಎಂದು ಎಲ್ಲ ಮುಗಿಸಿದ್ದಳು, ಈ ಮೆಕ್ಯಾನಿಕ್ಸ್ ಒಂದನ್ನು ಬಿಟ್ಟು. ಹೋದ ವರ್ಷ ಅದರಲ್ಲಿ ಫೇಲಾಗಿದ್ದಳು. ಈ ಸಲ ಎರಡನೆಯ ಸರದಿ. ಪಾಸಾದರೆ ಟೀಚರ್ ಟ್ರೇನಿಂಗಿಗೆ ಸೀಟು ಕಾದಿತ್ತು. ಇಲ್ಲದಿದ್ದರೆ ಮೂರನೆಯ ಸಲ ಕೂರಲು ಬಿಡುತ್ತಿರಲಿಲ್ಲ. ಈರುಳ್ಳಿ ಆರಿಸುವ ಬೆಲ್ಟಿನ ಪಕ್ಕವೇ ಕಾಯಂ.

ಆ ಬೆಲ್ಟಿನ ಕೆಲಸವೇನೂ ಕೆಟ್ಟದ್ದಲ್ಲ. ಆದರೆ ಯಂತ್ರದ ಸದ್ದಿಗೆ ಎಲ್ಲರೂ ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡಿರಬೇಕು. ಪಕ್ಕದಲ್ಲಿ ಟೊಂಗಾದವಳು, ಎದುರಿಗೆ ಪಂಜಾಬಿನವಳು, ನಡುವೆ ಉರುಳುವ ಈರುಳ್ಳಿ. ಇಡೀ ದಿನ ಅಷ್ಟು ಜನರ ನಡುವೆ ನಿಂತು ಯಾರ ಜೊತೆಗೂ ಒಂದು ಮಾತಾಡದೆ ಮನೆಗೆ ಬರುತ್ತಿದ್ದಳು. ಮನೆಯಲ್ಲಿ ಫ್ರಿಜ್ಜಿನ ಸದ್ದು. ವಾರದ ಎರಡು ದಿನ ಯೂನಿವರ್ಸಿಟಿ. ಅಲ್ಲಿ ಇನ್ನೊಂದು ತರಹ.

ಯೂನಿವರ್ಸಿಟಿಯ ದಿನ ಹನೀಫ್ ತನ್ನ ಯೂಟಿನಲ್ಲಿ, ಹಿಂದೆ ಸಾಮಾನು ತುಂಬುವ ಆ ಗಾಡಿಯಲ್ಲಿ, ಅವಳನ್ನು ರೈಲಿಗೆ ಬಿಡುತ್ತಿದ್ದ. ಯೂಟಿನ ಕನ್ನಡಿಗೆ ಅವನ ತಸ್ಬಿ, ಜಪದ ಮಣಿಸರ, ನೇತಾಡುತ್ತಿತ್ತು. ತಿರುವಿನಲ್ಲಿ ತೂಗುತ್ತಿತ್ತು, ನೇರ ದಾರಿಯಲ್ಲಿ ನೆಟ್ಟಗೆ ನಿಲ್ಲುತ್ತಿತ್ತು. ಸ್ಟೇಷನ್ನಿನ ಮುಂದೆ ರಸ್ತೆಗೆ ಅಡ್ಡವಾಗಿ ಒಂದು ಎತ್ತರದ ಹಂಪು. ಅದನ್ನು ಹತ್ತುವಾಗ ಹನೀಫ್ ದಿನವೂ "ಯಾ ಅಲ್ಲಾ" ಅನ್ನುತ್ತಿದ್ದ.

"ಇವತ್ತೂ ಆ ಲಗ್ರಾಂಜ್ ಸಾಹೇಬ್ರದ್ದ ಏನು?" ಎಂದು ಕೇಳುತ್ತಿದ್ದ.

"ಹೂಂ, ಅವರದ್ದ."

"ಹೋದ ವರ್ಷ ಪೂರಾ ಅವರದ್ದ ಇತ್ತಲ್ಲ. ಇನ್ನೂ ಮುಗಿಸಿಲ್ಲೇನು ಅವರು?"

"ಅವರು ಮುಗಿಸಿ ಇನ್ನೂರು ವರ್ಷ ಆತ್ರೀ. ಮುಗಿಸಬೇಕಾದಾಕಿ ನಾನು."

ಲಗ್ರಾಂಜ್ ಎಂಬುವನು ಹಳೆಯ ಕಾಲದ ಗಣಿತಜ್ಞ. ಯಾವ ಬಲ ಎಲ್ಲಿ ಎಳೆಯಿತು, ಎಲ್ಲಿ ತಳ್ಳಿತು ಎಂದು ಒಂದೊಂದರ ಬೆನ್ನು ಹತ್ತುವ ಬದಲು, ವಸ್ತುವಿನ ಶಕ್ತಿಯನ್ನು ಬರೆದುಕೊಂಡು ಅದರಿಂದಲೇ ಚಲನೆಯನ್ನು ಹೊರತೆಗೆಯುವ ದಾರಿ ತೋರಿಸಿದವನು. ಆ ದಾರಿಯನ್ನು ಬಿಲ್ಕಿಸ್ ಧಾರವಾಡದಲ್ಲಿದ್ದಾಗ ಬಾಯಿಪಾಠ ಮಾಡಿದ್ದಳು. ಮಾಡಿಸಿದ್ದು ಅವಳ ಅಬ್ಬಾ.

ಅಬ್ಬಾ ಅಮ್ಜದ್ ಸಾಹೇಬರಿಗೆ ರಾಣೆಬೆನ್ನೂರು ಬಸ್ ನಿಲ್ದಾಣದ ಹತ್ತಿರ ಸೈಕಲ್ ರಿಪೇರಿ ಅಂಗಡಿ. ಇಂಗ್ಲಿಷ್ ಬಾರದು, ಗಣಿತವಂತೂ ದೂರ. ಆದರೆ ಎರಡು ಹಾಳೆ ಪಕ್ಕಪಕ್ಕ ಇಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಲು ಬರುತ್ತಿತ್ತು. ಪರೀಕ್ಷೆಯ ರಜೆಯಲ್ಲಿ ಮಗಳು ಅಂಗಡಿಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಸಿದ್ಧಾಂತವನ್ನು ನೋಡದೆ ಬರೆಯುವುದು, ಅವರು ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಅವಳ ಹಾಳೆ ಹಿಡಿದು, ಗ್ರೀಸ್ ಮೆತ್ತಿದ ಬೆರಳಿಂದ ಸಾಲು ಹಿಡಿದು ನಡೆಯುವುದು.

"ಇಲ್ನೋಡು ಬೇಟಾ. ಪುಸ್ತಕದಾಗ ಈ ಅಕ್ಷರದ ತಲೀ ಮ್ಯಾಲ ಚುಕ್ಕಿ ಐತಿ. ನಿಂದರಾಗ ಇಲ್ಲ."

"ಅದು ವೇಗದ ಚುಕ್ಕಿ ಅಬ್ಬಾ. ಮರತೆ."

"ಯಾವುದರ ಚುಕ್ಕಿನಾರ ಇರ್ಲಿ. ಅವರು ಹಾಕ್ಯಾರ, ನೀನೂ ಹಾಕು. ಮಾರ್ಕು ಕಟ್ ಮಾಡಾಕ ಕೂತವನಿಗೆ ಜಾಗಾ ಕೊಡಬ್ಯಾಡ."

ಇನ್ನೊಂದು ಮಾತನ್ನೂ ಅವರು ಹೇಳಿಕೊಟ್ಟಿದ್ದರು: ಮಂದಿಯ ಹಾಳೆಗೆ ಕಣ್ಣು ಹಾಕಬಾರದು, ನಮ್ಮ ಹಾಳೆಯನ್ನು ಮಂದಿಗೆ ತೋರಿಸಬಾರದು. ಎರಡೂ ಕಾಪಿಯೇ. ಅಬ್ಬಾ ತೀರಿಕೊಂಡು ಬಹಳ ವರ್ಷವಾಯಿತು. ಬಿಲ್ಕಿಸ್ ಅವರ ಎರಡೂ ಮಾತನ್ನು ಕಡಲಾಚೆ ತಂದಿದ್ದಳು.

ಈಗ ಇಲ್ಲಿಯ ತರಗತಿ ಹೇಗೆ ಅನ್ನುವುದನ್ನು ಕೇಳಿ. ಉಪನ್ಯಾಸ ಮುಗಿದ ಮೇಲೆ ಟ್ಯುಟೋರಿಯಲ್ ಎಂದು ಒಂದು ಗಂಟೆ. ಗೋಡೆಯ ತುಂಬ ಬಿಳಿ ಬೋರ್ಡು. ಮೂರು ಮೂರು ಜನ ಒಂದೊಂದು ಬೋರ್ಡಿನ ಮುಂದೆ ನಿಂತು, ಒಬ್ಬರು ಬರೆಯುವುದು, ಒಬ್ಬರು ಅಳಿಸುವುದು, ಒಬ್ಬರು ತಲೆ ಕೆರೆಯುವುದು. ಗದ್ದಲವೋ ಗದ್ದಲ. ಮಾಡುತ್ತಿರುವುದು ಅಂಕಕ್ಕೆ ಬರುವ ಲೆಕ್ಕವೇ. ಮೊದಲ ವಾರ ಬಿಲ್ಕಿಸ್‌ಗೆ ಇದು ಪರೀಕ್ಷೆಯ ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ಎದ್ದು ನಿಂತು ಕಾಪಿ ಹೊಡೆದಂತೆ ಕಂಡಿತು. ಅವಳು ಕಿಟಕಿಯ ಪಕ್ಕದ ಮೇಜಿಗೆ ಹೋಗಿ, ಎಡಗೈಯನ್ನು ಹಾಳೆಯ ಸುತ್ತ ಬೇಲಿಯಂತೆ ಇಟ್ಟು, ಒಬ್ಬಳೇ ಬರೆಯತೊಡಗಿದಳು. ಆ ಮೇಜು ಅವಳದೇ ಆಯಿತು.

ಟ್ಯುಟೋರಿಯಲ್ ನಡೆಸುವವಳು ಪ್ರತೀಕ್ಷಾ. ಅಪ್ಪ ಅಮ್ಮ ಇಬ್ಬರೂ ಮೈಸೂರಿನ ಡಾಕ್ಟರುಗಳು, ಅವಳು ಹುಟ್ಟಿದ್ದು ಇಲ್ಲಿ, ಪಿಎಚ್‌ಡಿ ಮಾಡುತ್ತಿದ್ದಳು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಬಾಯಿಂದ ಹೊರಡುತ್ತಿರಲಿಲ್ಲ.

"ಆಂಟಿ, ಯು ಶುಡ್ ಜಾಯಿನ್ ಎ ಗ್ರೂಪ್," ಎಂದಳು ಒಂದು ದಿನ.

"ಬ್ಯಾಡವಾ. ನಂದು ನಾ ಮಾಡತೀನಿ. ಇಲ್ಲಾಂದ್ರ ಕಾಪಿ ಮಾಡಿದಂಗ ಆಗ್ತದ."

"ಇಟ್ಸ್ ನಾಟ್ ಕಾಪಿಯಿಂಗ್, ಆಂಟಿ. ಪ್ರಾಮಿಸ್."

"ಇರ್ಲಿ ಬಿಡವಾ. ಮೊದಲು ನನ್ನ ಲೋಲಕ ಒಂದು ಹಳಿಗೆ ಬರ್ಲಿ."

"ಲೋಲಕ? ವಾಟ್ಸ್ ದಟ್?"

"ಪೆಂಡುಲಮ್, ತಾಯಿ."

ಪ್ರತೀಕ್ಷಾ ನಕ್ಕು ಮುಂದಿನ ಬೋರ್ಡಿಗೆ ಹೋದಳು. ಅಂದಿನಿಂದ ಒಂದು ವಿಚಿತ್ರವಾಯಿತು. ಅವಳು ಆಂಟಿ ಅನ್ನುವುದನ್ನು ಕೇಳಿದ ತರಗತಿಯ ಹುಡುಗ ಹುಡುಗಿಯರು, ಇವಳ ಹೆಸರೇ ಅದು ಎಂದುಕೊಂಡರು. ಕೆಂಪು ಕೂದಲಿನ ಹುಡುಗ ಬಾಗಿಲು ಹಿಡಿದು ನಿಂತು "ಮಾರ್ನಿಂಗ್, ಆಂಟಿ" ಅನ್ನುತ್ತಿದ್ದ. ಹಾಜರಿಯ ಪಟ್ಟಿಯಲ್ಲಿ ಬಿಲ್ಕಿಸ್ ಎಂಬ ಯಾರೋ ಒಬ್ಬಳು ಬರುವುದೇ ಇಲ್ಲವೆಂದು ಅವರು ತಿಳಿದಿದ್ದರೋ ಏನೋ. ಅವಳು ತಿದ್ದಲು ಹೋಗಲಿಲ್ಲ. ಮಧ್ಯಾಹ್ನ ನಮಾಜಿನ ಕೋಣೆಗೆ ಹೋದರೆ ಅಲ್ಲಿಯೂ ಹುಡುಗಿಯರೇ, ಅಲ್ಲಿಯೂ ಆಂಟಿಯೇ. ಆಮೇಲೆ ಟಿಫನ್ ಡಬ್ಬಿ ತೆಗೆದುಕೊಂಡು ಯಾರೂ ಹತ್ತದ ಹಿಂದಿನ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದಳು. ರೊಟ್ಟಿ ಮುರಿದರೆ ಅದರ ಸದ್ದು ಮೇಲಿನ ಮಹಡಿಯವರೆಗೂ ಹೋಗಿ ಬರುತ್ತಿತ್ತು.

ತನ್ನವರ ನಡುವೆಯಾದರೂ ಹೇಳಿಕೊಳ್ಳಬಹುದಿತ್ತಲ್ಲ ಎಂದರೆ, ಅದೂ ನಡೆದಿತ್ತು. ಮನುಕಾವ್‌ನಲ್ಲಿ ಫಾರ್ಮಸಿ ನಡೆಸುವ ಫರ್ಹಾನಾಳ ಮನೆಗೆ ಈದಿಗೆ ಹೋದಾಗ, ಬಿರಿಯಾನಿ ಬಡಿಸುತ್ತಾ ಫರ್ಹಾನಾ ಕೇಳಿದ್ದಳು:

"ಮೆಕ್ಯಾನಿಕ್ಸ್ ಅಂದ್ರ ಗಾಡಿ ರಿಪೇರಿನಾ? ನಮ್ಮ ಕಾರು ಸದ್ದು ಮಾಡಾಕತ್ತೈತಿ, ಒಂಚೂರು ನೋಡ ಮತ್ತ."

ಎಲ್ಲರೂ ನಕ್ಕರು. ಬಿಲ್ಕಿಸ್ ಕೂಡ ನಕ್ಕಳು. ನಕ್ಕು, ತಟ್ಟೆ ಮುಂದೆ ಹಿಡಿದಳು.

ಸೆಮಿಸ್ಟರಿನ ನಡುವೆ ದೊಡ್ಡ ಅಸೈನ್‌ಮೆಂಟ್ ಬಂತು. ಲಗ್ರಾಂಜನ ಸಮೀಕರಣವನ್ನು ಮೂಲದಿಂದ ಸಾಧಿಸಿ ತೋರಿಸಿ ಎಂಬುದು ಮುಖ್ಯ ಪ್ರಶ್ನೆ. ಅದನ್ನು ಕಂಡು ಬಿಲ್ಕಿಸ್‌ಗೆ ಊರಿನವರು ಎದುರಿಗೆ ಸಿಕ್ಕಷ್ಟು ಸಂತೋಷವಾಯಿತು. ಪುಸ್ತಕ ಮುಚ್ಚಿಟ್ಟು ಕೂತಳು. ಧಾರವಾಡದ ಪುಸ್ತಕದ ಮಾತುಗಳು ಸಾಲು ಸಾಲಾಗಿ ಬಂದವು, ಚುಕ್ಕಿಗಳು ತಮ್ಮ ತಮ್ಮ ಜಾಗದಲ್ಲಿ ಕೂತವು. ಬರೆದು, ಟೈಪ್ ಮಾಡಿ, ಕಳಿಸಿದಳು. ಅಂದು ಸಂಜೆ ಎಷ್ಟೋ ದಿನದ ಮೇಲೆ ಬದನೆಕಾಯಿ ಎಣ್ಣೆಗಾಯಿ ಮಾಡಿದಳು.

ಮರುವಾರ ಲೆಕ್ಚರರ್ ಫಿಲಿಪ್ಪಾ ಅವರಿಂದ ಇಮೇಲ್: ನಿಮ್ಮ ಅಸೈನ್‌ಮೆಂಟ್ ಬಗ್ಗೆ ಮಾತಾಡಬೇಕು, ನನ್ನ ಕೋಣೆಗೆ ಬನ್ನಿ. ಬಿಲ್ಕಿಸ್ ಒಳ್ಳೆಯ ದುಪಟ್ಟಾ ಹೊದ್ದು ಹೋದಳು.

ಫಿಲಿಪ್ಪಾ ಐವತ್ತು ದಾಟಿದ, ಇಲ್ಲಿಯೇ ಹುಟ್ಟಿ ಬೆಳೆದ ಹೆಂಗಸು, ಮೃದು ಮಾತು. ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು, ಇವಳೊಬ್ಬಳಿಗೆ ಮಾತ್ರ ಮೇಡಂ. ಅವರು ಕಂಪ್ಯೂಟರನ್ನು ಇವಳ ಕಡೆ ತಿರುಗಿಸಿದರು. ಎಡಗಡೆ ಇವಳ ಬರಹ, ಬಲಗಡೆ ಯಾವುದೋ ಪುಸ್ತಕದ ಪುಟ. ಎರಡರಲ್ಲೂ ಹೊಂದುವ ಸಾಲುಗಳಿಗೆಲ್ಲ ಹಳದಿ ಬಣ್ಣ. ಪುಟದ ತುಂಬ ಹಳದಿ.

ಬಿಲ್ಕಿಸ್ ಮುಂದೆ ಬಾಗಿ, ಬೆರಳಿಟ್ಟು ಸಾಲು ಸಾಲಾಗಿ ನೋಡಿದಳು. ಎರಡು ಹಾಳೆ ಪಕ್ಕಪಕ್ಕ ಇಟ್ಟು ಅವಳ ಬರಹವನ್ನು ಯಾರಾದರೂ ಹೊಂದಿಸಿ ನೋಡಿ ಎಷ್ಟು ವರ್ಷವಾಗಿತ್ತು. ಮುಖವರಳಿತು.

"ಒಂದಕ್ಷರವೂ ತಪ್ಪಿಲ್ಲ, ಮೇಡಂ," ಎಂದಳು.

ಫಿಲಿಪ್ಪಾ ಹಳದಿ ಸಾಲುಗಳ ಮೇಲೆ ಬೆರಳಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು: "ಇದು ಪುಸ್ತಕದಿಂದ ಕಾಪಿ ಮಾಡಿದ್ದು ಅಂತ ಇಲ್ಲಿ ಬಂದಿದೆ. ಹೀಗಾದರೆ ನಾನು ದೂರು ಬರೆಯಬೇಕಾಗುತ್ತದೆ. ಅದಕ್ಕೆ ಮೊದಲು ನಿಮ್ಮನ್ನೇ ಕೇಳೋಣ ಅಂತ ಕರೆದೆ."

ಕಾಪಿ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಬಿಲ್ಕಿಸ್‌ಗೆ ಕೋಣೆಯಲ್ಲಿ ಬೇರೇನೂ ಕೇಳಿಸಲಿಲ್ಲ. ಕಿವಿಗೆ ಪ್ಯಾಕ್‌ಹೌಸಿನ ಮುಚ್ಚಳ ಹಾಕಿದಂತಾಯಿತು. ತಾನು ಪುಸ್ತಕ ಮುಚ್ಚಿಟ್ಟು ಬರೆದದ್ದು ಎಂದು ಹೇಳಿದಳು. ಹೇಳುವಾಗ ಇಂಗ್ಲಿಷು ನಾಲಿಗೆಗೆ ತೊಡರಿತು. ಕಡೆಗೆ ಎದ್ದು ನಿಂತು, ಅಲ್ಲಿದ್ದ ಬೋರ್ಡಿನ ಮೇಲೆ ಮೊದಲ ಸಾಲಿನಿಂದ ಬರೆಯತೊಡಗಿದಳು. ಎಲ್ಲಿಯೂ ನಿಲ್ಲಲಿಲ್ಲ. ಕಡೆಯ ಸಾಲು ಬರೆದು, ಚುಕ್ಕಿಗಳನ್ನೊಮ್ಮೆ ನೋಡಿ, ಪೆನ್ನು ಕೆಳಗಿಟ್ಟಳು.

"ಸರಿ. ನೀವು ನೋಡಿ ಬರೆದಿಲ್ಲ," ಎಂದರು ಫಿಲಿಪ್ಪಾ. "ಅದನ್ನು ನಾನು ನಂಬುತ್ತೇನೆ." ಬೋರ್ಡಿನ ಮೂಲೆಯಲ್ಲಿ ಅವರೊಂದು ಚಿತ್ರ ಬರೆದರು. ಹಳಿಯ ಮೇಲೆ ಸಲೀಸಾಗಿ ಓಡುವ ಒಂದು ಪುಟ್ಟ ಗಾಡಿ, ಗಾಡಿಗೆ ಕಟ್ಟಿದ ದಾರ, ದಾರದ ತುದಿಗೆ ಗುಂಡು. "ಲೋಲಕವನ್ನು ಗೋಡೆಗೆ ಕಟ್ಟಿಲ್ಲ, ಓಡುವ ಗಾಡಿಗೆ ಕಟ್ಟಿದೆ. ಈಗ ಬರೆದಿರಲ್ಲ, ಅದನ್ನು ಇದಕ್ಕೆ ಹಚ್ಚಿ ನೋಡೋಣ."

ಬಿಲ್ಕಿಸ್ ಪೆನ್ನು ಎತ್ತಿಕೊಂಡಳು. ಗಾಡಿಯ ಶಕ್ತಿ ಬರೆದಳು. ಗುಂಡಿನದನ್ನು ಗೋಡೆಯ ಲೋಲಕಕ್ಕೆ ಬರೆಯುವಂತೆಯೇ ಬರೆದಳು. ಅದು ಸರಿಯಿಲ್ಲವೆಂದು ಫಿಲಿಪ್ಪಾ ಅವರ ಮುಖ ಹೇಳಿತು. ಎಲ್ಲಿ ತಪ್ಪಿದೆ ಎಂದು ಹೇಳಲು ಪುಸ್ತಕದ ಯಾವ ಸಾಲೂ ಬರಲಿಲ್ಲ. ಆ ಗಾಡಿಯ ಚಿತ್ರ ಅವಳ ಪುಸ್ತಕದಲ್ಲಿರಲಿಲ್ಲ. ಅವಳು ಪೆನ್ನು ಕೆಳಗಿಟ್ಟಳು. ಹೊರಗೆ ಯಾರೋ ಲಿಫ್ಟಿಗೆ ಕಾಯುತ್ತಾ ನಗುತ್ತಿದ್ದರು.

ಫಿಲಿಪ್ಪಾ ತೀರ್ಮಾನ ಹೇಳಿದರು. ದೂರು ಬರೆಯುವುದಿಲ್ಲ. ಆದರೆ ಆ ಉತ್ತರಕ್ಕೆ ಅಂಕವೂ ಇಲ್ಲ. ಸೆಮಿಸ್ಟರಿನ ಕಡೆಯ ವಾರ ಮತ್ತೆ ಬರಬೇಕು, ಅವರು ಕೊಡುವ ಒಂದು ಲೆಕ್ಕವನ್ನು ಬೋರ್ಡಿನ ಮೇಲೆ, ಬಾಯಿಬಿಟ್ಟು ಯೋಚಿಸುತ್ತಾ ಮಾಡಬೇಕು. ಆ ಅಂಕ ಬಾರದಿದ್ದರೆ ಪೇಪರು ಪಾಸಾಗುವುದಿಲ್ಲ.

"ಮತ್ತೆ, ಬಿಲ್ಕಿಸ್," ಎಂದರು ಬಾಗಿಲಲ್ಲಿ, "ಒಬ್ಬರೇ ಓದಬೇಡಿ."

ಆ ಕಟ್ಟಡದಲ್ಲಿ ಅವಳನ್ನು ಹೆಸರು ಹಿಡಿದು ಕರೆದವರು ಅವರೊಬ್ಬರೇ.

ಸಂಜೆ ಸ್ಟೇಷನ್ನಿನಲ್ಲಿ ಹನೀಫ್ ಯೂಟಿನ ಬಾಗಿಲು ತೆರೆದು ಕೇಳಿದ, "ಕರದಿದ್ರಲ್ಲ, ಏನಂದ್ರು?"

"ಚೊಲೋ ಬರದೀರಿ ಅಂದ್ರು."

"ನಾ ಹೇಳಿದ್ನಿಲ್ಲ," ಎಂದು ಅವನು ಖುಷಿಯಿಂದ ಗೇರ್ ಹಾಕಿದ. ಹಂಪು ಬಂತು. ಬಿಲ್ಕಿಸ್ ದಾರಿಯುದ್ದಕ್ಕೂ ತಸ್ಬಿಯನ್ನೇ ನೋಡುತ್ತಾ ಕೂತಳು. ಕಾಪಿ ಅಂದರು ಎಂದು ಹೇಳಿದರೆ ಅವನು ಸಿಟ್ಟಿಗೇಳುತ್ತಿದ್ದ, ಇವಳ ಪರವಾಗಿಯೇ. ಆದರೆ ಕಾಪಿ ಅಲ್ಲ, ಅದಕ್ಕಿಂತ ಬೇರೆ ಏನೋ ಆಗಿತ್ತು. ಅಬ್ಬಾ ಬೆರಳಿಟ್ಟು ಕಾಯ್ದದ್ದು ಬರೀ ಅಕ್ಷರವಾಗಿತ್ತೇ? ಆ ಪ್ರಶ್ನೆಯನ್ನು ಯಾರ ಮುಂದಿಡಬೇಕೋ ಅವಳಿಗೆ ತಿಳಿಯಲಿಲ್ಲ.

ಮುಂದಿನ ಟ್ಯುಟೋರಿಯಲ್ಲಿನಲ್ಲಿ ಕಿಟಕಿಯ ಮೇಜಿಗೆ ಹೋಗಿ, ಕೂರದೆ ನಿಂತಳು. ಹತ್ತಿರದ ಬೋರ್ಡಿನಲ್ಲಿ ಲೋಸಾ ಇದ್ದಳು. ಸಮೋವಾದ ಮನೆತನದ ಹುಡುಗಿ, ಮನುಕಾವ್ ಕಡೆಯಿಂದ ಬರುತ್ತಿದ್ದಳು. ಎತ್ತರದ ಆಳು, ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲು. ಬಿಲ್ಕಿಸ್ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ಹೇಗೋ ಕೇಳಿದಳು: ನಿಮ್ಮ ಜೊತೆ ನಿಲ್ಲಬಹುದೇ?

ಲೋಸಾ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಆಮೇಲೆ ನಗುತ್ತಲೇ ಅಂದಳು, "ನೀವು ಬರಲ್ಲ ಅಂದ್ಕೊಂಡಿದ್ವಿ ಆಂಟಿ. ಯಾವಾಗಲೂ ಹಾಳೆ ಮುಚ್ಕೊಂಡು ಕೂರ್ತೀರಲ್ಲ. ನಾವು ನಿಮ್ಮದನ್ನ ಕದೀತೀವಿ ಅಂತ ನಿಮಗೆ ಹೆದರಿಕೆ ಇರಬೇಕು ಅಂತ."

ಬಿಲ್ಕಿಸ್‌ಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ತಾನು ಕಳ್ಳಿಯಾಗಬಾರದೆಂದು ಇಟ್ಟ ಕೈ ಅದು. ಅವರಿಗೆ ಅದು, ನೀವು ಕಳ್ಳರು ಎಂದು ತೋರಿಸಿದಂತೆ ಕಂಡಿತ್ತು. ವಾರಗಟ್ಟಲೆ.

"ಅಲ್ಲ," ಎಂದಳು. "ನನ್ನ ಹತ್ತಿರ ಕದಿಯೋದಕ್ಕೆ ಏನೂ ಇಲ್ಲ. ನೋಡು ಬೇಕಾದರೆ." ಬೋರ್ಡಿನ ಮೇಲೆ ಗಾಡಿಯ ಲೋಲಕ ಬರೆದಳು, ಫಿಲಿಪ್ಪಾ ಅವರ ಮುಂದೆ ಬರೆದ ತಪ್ಪನ್ನೇ ಮತ್ತೆ ಎಲ್ಲರೂ ಕಾಣುವಂತೆ ಬರೆದಳು. "ಇದು ತಪ್ಪು. ಯಾಕೆ ಅಂತ ನನಗೆ ಗೊತ್ತಿಲ್ಲ."

ಲೋಸಾ ಪೆನ್ಸಿಲು ಕಚ್ಚಿ ನೋಡಿದಳು. "ಒಂದು ಪೆದ್ದು ಪ್ರಶ್ನೆ ಕೇಳ್ಲಾ? ನಾನು ಯಾವಾಗಲೂ ಪೆದ್ದು ಪ್ರಶ್ನೆಯಿಂದಾನೇ ಶುರು ಮಾಡೋದು. ಗುಂಡು ತೂಗ್ತಾನೇ ಇಲ್ಲ, ಸುಮ್ಮನೆ ನೇತಾಡ್ತಿದೆ. ಆದ್ರೆ ಗಾಡಿ ಓಡ್ತಿದೆ. ಆಗ ಗುಂಡು ಓಡ್ತಿದೆಯೋ ನಿಂತಿದೆಯೋ?"

ಬಿಲ್ಕಿಸ್‌ಗೆ ಯೂಟಿನ ತಸ್ಬಿ ಕಣ್ಣಿಗೆ ಬಂತು. ನೇರ ದಾರಿಯಲ್ಲಿ ಅಲ್ಲಾಡದೆ ನಿಂತ ತಸ್ಬಿ. ಮನೆಯಿಂದ ಸ್ಟೇಷನ್ನಿನವರೆಗೂ ತನ್ನ ಜೊತೆ ಬರುವ ತಸ್ಬಿ.

"ಓಡುತ್ತಿದೆ."

"ನಿಮ್ಮ ಸಾಲು ಏನು ಹೇಳ್ತಿದೆ?"

"ನಿಂತಿದೆ ಅನ್ನುತ್ತಿದೆ."

"ಹಾಗಾದ್ರೆ ಸುಳ್ಳು ಹೇಳ್ತಿರೋದು ಸಾಲು," ಎಂದಳು ಲೋಸಾ.

ಗುಂಡಿನ ಲೆಕ್ಕಕ್ಕೆ ಗಾಡಿಯ ವೇಗವನ್ನೂ ಕೂಡಿಸಬೇಕಿತ್ತು. ಅದನ್ನು ಬಿಟ್ಟಿದ್ದಳು. ಅಬ್ಬಾ ಇದ್ದಿದ್ದರೆ, ಇಲ್ಲಿ ಒಂದು ಚುಕ್ಕಿ ಕಮ್ಮಿ ಐತಿ ಬೇಟಾ ಅನ್ನುತ್ತಿದ್ದರು. ಆದರೆ ಯಾವ ಪುಸ್ತಕಕ್ಕೆ ಹೊಂದಿಸಿ ಅನ್ನುತ್ತಿದ್ದರು?

ಆಮೇಲಿನ ವಾರಗಳಲ್ಲಿ ಬಿಲ್ಕಿಸ್ ಆ ಬೋರ್ಡಿನ ಮುಂದೆ ನಿಂತಳು. ದಿಢೀರನೆ ಎಲ್ಲ ಬದಲಾಯಿತು ಎಂದರೆ ಅದು ಕಟ್ಟುಕಥೆಯಾದೀತು. ಹುಡುಗರು ಅವಳಿಗಿಂತ ಬೇಗ ಮಾಡುತ್ತಿದ್ದರು, ಅವರ ಇಂಗ್ಲಿಷು ಇನ್ನೂ ಬೇಗ. ಅವರು ನಗುವ ಜಾಗದಲ್ಲಿ ಅವಳಿಗೆ ನಗು ಬರುತ್ತಿರಲಿಲ್ಲ, ಲೆಕ್ಕ ಮುಗಿದ ಕೂಡಲೇ ಅವರೆಲ್ಲ ಒಟ್ಟಿಗೆ ಕಾಫಿಗೆ ಹೋಗುತ್ತಿದ್ದರು. ಲೋಸಾ ಒಂದೆರಡು ಸಲ ಕರೆದಳು. ಇವಳು ರೈಲಿದೆ ಎಂದಳು, ರೈಲು ಇತ್ತು ಕೂಡ. ಮೆಟ್ಟಿಲ ಮೇಲಿನ ಊಟ ಹಾಗೆಯೇ ಉಳಿಯಿತು. ಹಳೆಯ ಚಾಳಿಯೂ ಹೋಗಲಿಲ್ಲ. ಗಾಡಿಯ ಲೋಲಕ ಪೂರ್ತಿ ಬಿಡಿಸಿಯಾದ ಮೇಲೆ ಅದರ ಉತ್ತರವನ್ನು ಈರುಳ್ಳಿಯ ಬೆಲ್ಟಿನ ಪಕ್ಕ ನಿಂತು ಬಾಯಿಪಾಠ ಮಾಡಿಬಿಟ್ಟಳು. ಕಿವಿಗೆ ಮುಚ್ಚಳವಿತ್ತಲ್ಲ, ಗಟ್ಟಿಯಾಗಿ ಹೇಳಿಕೊಂಡರೂ ಯಾರಿಗೂ ಕೇಳುತ್ತಿರಲಿಲ್ಲ.

ಕಡೆಯ ವಾರ ಬಂತು. ಬೆಳಿಗ್ಗೆ ಚಳಿ, ಯೂಟಿನ ಗಾಜಿಗೆ ಇಬ್ಬನಿ. ಹನೀಫ್ ಅಂದ, "ಇವತ್ತ ಏನರ ವಿಶೇಷ ಐತೇನು? ಮುಖ ಒಂಥರಾ ಆಗೇತಿ."

"ಸಾಹೇಬ್ರ ಮುಂದ ನಿಂದರಬೇಕ್ರಿ ಇವತ್ತ. ನಿಂತು ಮಾತಾಡಬೇಕು."

"ನನ್ನ ಮುಂದ ಮಾತಾಡ್ತೀಯಲ್ಲ, ಹಂಗ ಮಾತಾಡು."

"ನಿಮ್ಮ ಮುಂದ ಯಾವಾಗ ಮಾತಾಡೀನಿ?"

ಹನೀಫ್ ಅವಳ ಕಡೆ ತಿರುಗಿ ನೋಡಿದ. ಅಷ್ಟರಲ್ಲಿ ಹಂಪು ಬಂತು. "ಯಾ ಅಲ್ಲಾ" ಎಂದ. ಯೂಟು ಮೇಲೆದ್ದು ಇಳಿಯಿತು. ತಸ್ಬಿ ಅದರ ಜೊತೆ ನೆಟ್ಟಗೆ ಮೇಲೆದ್ದು ನೆಟ್ಟಗೆ ಇಳಿಯಿತು.

ಫಿಲಿಪ್ಪಾ ಅವರ ಕೋಣೆಯಲ್ಲಿ ಈ ಸಲ ಪ್ರತೀಕ್ಷಾ ಕೂಡ ಕೂತಿದ್ದಳು. ಬಿಲ್ಕಿಸ್ ಬೋರ್ಡಿನ ಹತ್ತಿರ ಹೋಗಿ ಗಾಡಿಯ ಚಿತ್ರ ಬರೆಯಲು ಕೈಯೆತ್ತಿದಳು.

"ಇವತ್ತು ಗಾಡಿ ಬೇಡ," ಎಂದರು ಫಿಲಿಪ್ಪಾ. "ಲೋಲಕ ಲಿಫ್ಟಿನೊಳಗೆ ನೇತಾಡುತ್ತಿದೆ. ಲಿಫ್ಟು ಮೇಲೆ ಕೆಳಗೆ ಹೋಗುತ್ತದೆ. ಮಾತಾಡುತ್ತಾ ಮಾಡಿ."

ಬೆಲ್ಟಿನ ಪಕ್ಕ ನಿಂತು ಕಲಿತದ್ದೆಲ್ಲ ಅಲ್ಲಿಗೇ ಮುಗಿಯಿತು. ಆದರೂ ಕೈ ತನ್ನಷ್ಟಕ್ಕೆ ಬರೆಯಿತು. ಲಿಫ್ಟಿನ ವೇಗವನ್ನು ಮರೆಯದೆ ಕೂಡಿಸಿದಳು, ಚುಕ್ಕಿ ಇಟ್ಟಳು. ಗುಂಡಿನ ವೇಗವೂ ಲಿಫ್ಟಿನ ವೇಗವೂ ಸೇರುವ ಜಾಗದಲ್ಲಿ, ದಾರದ ಓರೆ ಅಳೆಯಲು ಗಾಡಿಯ ಲೆಕ್ಕದಲ್ಲಿದ್ದ ಕಾಸ್ ಥೀಟಾವನ್ನೇ ಬರೆದಳು. ಬರೆದು ನಿಂತಳು. ಫಿಲಿಪ್ಪಾ ಅವರ ಮುಖ ಈ ಸಲ ಏನೂ ಹೇಳಲಿಲ್ಲ.

"ನನಗೆ ಇದು ಸರಿಯೋ ತಪ್ಪೋ ಗೊತ್ತಿಲ್ಲ," ಎಂದಳು ಬಿಲ್ಕಿಸ್. ಅಷ್ಟು ಹೇಳಿದ ಮೇಲೆ ಮುಂದಿನದು ಬಂತು. "ಒಂದು ಪೆದ್ದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ದಾರ ನೆಟ್ಟಗೆ ಕೆಳಗೆ ಇಳಿಬಿದ್ದಿದೆ. ಆಗ ಗುಂಡು ತೂಗಿದರೆ ಯಾವ ಕಡೆಗೆ ಹೋಗುತ್ತದೆ?" ಅವಳು ಕೈಯಾಡಿಸಿ ತೋರಿಸಿದಳು. "ಅಡ್ಡಡ್ಡ. ಲಿಫ್ಟು ಹೋಗುವುದು ಮೇಲಕ್ಕೆ."

ನಿಂತಳು. ಇಂಗ್ಲಿಷು ಅಲ್ಲಿಗೆ ಸಾಲದಾಯಿತು. ಪ್ರತೀಕ್ಷಾಳ ಕಡೆ ತಿರುಗಿ ಕನ್ನಡದಲ್ಲೇ ಅಂದಳು:

"ನಮ್ಮನಿಯವರ ಯೂಟಿನಾಗ ತಸ್ಬಿ ಐತವಾ. ಹಂಪು ಹತ್ತಿದಾಗ ಅದು ಮ್ಯಾಲ ಹೋಗ್ತದ, ತೂಗೂದಿಲ್ಲ. ಮ್ಯಾಲ ಹೋಗೂದು ಬ್ಯಾರೆ, ಅಡ್ಡ ತೂಗೂದು ಬ್ಯಾರೆ. ಒಂದಕ್ಕೊಂದು ಸಂಬಂಧನ ಇಲ್ಲ ಆಗ. ಆದ್ರ ನನ್ನ ಸಾಲು ಏನಂತೈತಿ? ದಾರ ನೆಟ್ಟಗಿದ್ದಾಗ ಎರಡೂ ಪೂರಾ ಕೂಡತಾವ ಅಂತೈತಿ. ಅದು ಸುಳ್ಳು."

"ಗೋ ಆನ್, ಆಂಟಿ," ಎಂದಳು ಪ್ರತೀಕ್ಷಾ ಮೆಲ್ಲಗೆ. ಫಿಲಿಪ್ಪಾಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು.

ಬಿಲ್ಕಿಸ್ ಕಾಸ್ ಅಳಿಸಿದಳು. ದಾರ ನೆಟ್ಟಗಿದ್ದಾಗ ಸೊನ್ನೆಯಾಗಬೇಕು, ದಾರ ಅಡ್ಡ ಚಾಚಿದಾಗ ಪೂರ್ತಿಯಾಗಬೇಕು. ಆ ಜಾಗದಲ್ಲಿ ಸೈನ್ ಬರೆದಳು. ಯಾವ ಪುಸ್ತಕವೂ ಅವಳಿಗೆ ಅದನ್ನು ಹೇಳಿರಲಿಲ್ಲ. ಮುಂದಿನದು ನಿಧಾನವಾಗಿ, ಎರಡು ಕಡೆ ಎಡವಿ, ಕಡೆಯವರೆಗೆ ಬಂತು.

ಆ ಅಂಕ ಸಿಕ್ಕಿತು. ಪರೀಕ್ಷೆಯೂ ಆಯಿತು. ಜುಲೈ ತಿಂಗಳ ಒಂದು ಮಳೆಯ ಮಧ್ಯಾಹ್ನ ಪ್ಯಾಕ್‌ಹೌಸಿನ ಟೀ ಕೋಣೆಯಲ್ಲಿ ಫೋನು ನೋಡಿದಳು. ಪಾಸಾಗಿತ್ತು. ಕೂದಲೆಳೆಯಷ್ಟರಲ್ಲಿ, ಆದರೂ ಪಾಸು. ಲೋಸಾಗೆ ಮೆಸೇಜ್ ಹಾಕಿದಳು. ಲೋಸಾ ಕೆಲಸ ಸಿಕ್ಕಿ ವೆಲಿಂಗ್ಟನ್‌ಗೆ ಹೊರಟುಹೋಗಿದ್ದಳು. ಸ್ವಲ್ಪ ಹೊತ್ತಿಗೆ ಅವಳಿಂದ ಒಂದು ಹೃದಯದ ಚಿತ್ರ ಬಂತು, ಅದರ ಕೆಳಗೆ "ಆಂಟಿ" ಎಂದಿತ್ತು.

ಕೆಲಸ ಮುಗಿಸಿ ನೇರ ಡೈರಿಗೆ ಹೋದಳು. ಹನೀಫ್ ಕೌಂಟರಿನ ಹಿಂದೆ ಇದ್ದ.

"ಪಾಸಾದೆ."

ಅವನು ಕೌಂಟರ್ ದಾಟಿ ಬಂದು ಅವಳ ಎರಡೂ ಕೈ ಹಿಡಿದ. "ಬಿಟ್ರಾ ಸಾಹೇಬ್ರು ಕಡೀಗೂ. ಇನ್ನ ಟೀಚರ್ ನೀ." ಶೆಲ್ಫಿನಿಂದ ದೊಡ್ಡ ಚಾಕೊಲೇಟು ತೆಗೆದು ಕೊಟ್ಟ. "ಹೆಂಗ ಮಾಡಿದಿ ಹೇಳು. ಅವತ್ತ ಮಾತಾಡಬೇಕು ಅಂದಿದ್ಯಲ್ಲ, ಏನಂದಿ?"

"ನಿಮ್ಮ ತಸ್ಬಿ ಐತಲ್ರೀ," ಎಂದು ಬಿಲ್ಕಿಸ್ ಶುರು ಮಾಡಿದಳು. "ಹಂಪು ಹತ್ತಿದಾಗ ಅದು..."

ಬಾಗಿಲ ಗಂಟೆ ಹೊಡೆಯಿತು. ಒಬ್ಬ ಹೆಂಗಸು ಎರಡು ಪೈ ಕೇಳಿದಳು, ಅವಳ ಹಿಂದೆ ಶಾಲೆ ಬಿಟ್ಟ ಮಕ್ಕಳ ದಂಡು. ಹನೀಫ್ ಪೈ ಬಿಸಿಮಾಡುವ ಪೆಟ್ಟಿಗೆಯ ಕಡೆ ಹೋದ. "ಇರು, ಒಂದ ನಿಮಿಷ," ಎಂದ. ಮಕ್ಕಳ ಸಾಲು ಕರಗಲಿಲ್ಲ. ಬಿಲ್ಕಿಸ್ ಸ್ವಲ್ಪ ಹೊತ್ತು ನಿಂತು, ಮನೀಗೆ ಬರ್ರಿ ಹೇಳತೀನಿ ಎಂದು ಸನ್ನೆ ಮಾಡಿ ಹೊರಟಳು.

ಮನೆಯಲ್ಲಿ ಬೂಟು ಹೊರಗೆ ಬಿಟ್ಟು, ಕೈ ತೊಳೆದು, ಮೇಜಿಗೆ ಕೂತಳು. ಈ ಸುದ್ದಿಯನ್ನು ಹೇಳಬೇಕಾಗಿದ್ದವರು ಇನ್ನೊಬ್ಬರಿದ್ದರು, ಅಬ್ಬಾ. ಅವರಿಗೆ ಹೇಳುವ ರೀತಿ ಅವಳಿಗೆ ಒಂದೇ ಗೊತ್ತಿತ್ತು. ಬಿಳಿ ಹಾಳೆ ತೆಗೆದು, ಧಾರವಾಡದ ಪುಸ್ತಕದ ಸಿದ್ಧಾಂತವನ್ನು ಮೊದಲ ಸಾಲಿನಿಂದ ಬರೆಯತೊಡಗಿದಳು. ಮೊದಲನೆಯದು ಬಂತು, ಎರಡನೆಯದು ಬಂತು. ಮೂರನೆಯದರಲ್ಲಿ ಕೈ ನಿಂತಿತು. ಮುಂದೆ ಏನಾಗಬೇಕು ಎಂಬುದು ಅವಳಿಗೆ ಗೊತ್ತಿತ್ತು, ಯಾಕೆ ಆಗಬೇಕು ಎಂಬುದೂ. ಆದರೆ ಪುಸ್ತಕ ಅದನ್ನು ಯಾವ ಮಾತಿನಲ್ಲಿ ಹೇಳಿತ್ತು ಎಂಬುದು ನೆನಪಾಗಲಿಲ್ಲ. ಇಷ್ಟು ವರ್ಷ ಒಂದಕ್ಷರ ಅಲುಗದೆ ಇದ್ದದ್ದು ಹೋಗಿಬಿಟ್ಟಿತ್ತು.

ಕಿಟಕಿಯಾಚೆ ಮಳೆ ನಿಂತು ಸಂಜೆಯ ಬೆಳಕು ಕೆಂಪು ಮಣ್ಣಿನ ಮೇಲೆ ಬಿದ್ದಿತ್ತು. ಆಮೇಲೆ ಮೂರನೆಯ ಸಾಲನ್ನು ತನ್ನ ಮಾತಿನಲ್ಲಿ, ಕನ್ನಡದಲ್ಲಿ ಬರೆದಳು. ನಾಲ್ಕನೆಯದನ್ನೂ. ಕಡೆಯವರೆಗೂ. ಹೊಂದಿಸಿ ನೋಡಲು ಪುಸ್ತಕವಿಲ್ಲದ ಹಾಳೆ ಅದು. ಬಿಲ್ಕಿಸ್ ಅದನ್ನು ಹತ್ತಿರ ಎಳೆದುಕೊಂಡು, ನಿಂಬೆ ಮತ್ತು ಈರುಳ್ಳಿಯ ವಾಸನೆ ಇನ್ನೂ ಉಳಿದಿದ್ದ ಬೆರಳನ್ನು ಮೊದಲ ಸಾಲಿನ ಮೇಲಿಟ್ಟು, ಒಂದೊಂದು ಚುಕ್ಕಿಯ ಹತ್ತಿರವೂ ನಿಲ್ಲುತ್ತಾ ಕೆಳಗಿಳಿದಳು.